ಓದವ್ವನ ಉಸಿರು

ಸುಮಂಗಲಾಳ ಟೈಪಿಂಗ್ ಇನ್‌ಸ್ಟಿಟ್ಯೂಟಿನಲ್ಲಿ ಭಾನುವಾರಕ್ಕೊಂದು ಪದ್ಧತಿ ಇತ್ತು. ಹೊಸದಾಗಿ ಬಂದವರು ಯಾರೇ ಇರಲಿ, ಮೊದಲು ಓದವ್ವನಲ್ಲಿ ಒಂದು ತಪ್ಪು ಹಿಡಿದು ತೋರಿಸಬೇಕು. ಹಿಡಿದರೆ ಚಹಾ, ಹೊಗಳಿದರೆ ಬರೀ ನೀರು. "ಹೊಗಳಾಕ ಬಂದಾರು ನಾಳಿ ಬರಂಗಿಲ್ಲ, ತಪ್ಪು ಹಿಡದಾರು ಬಿಟ್ಟು ಹೋಗಂಗಿಲ್ಲ" ಎಂಬುದು ಜಡೆಪ್ಪನವರ ಸಿದ್ಧಾಂತ. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಜೀವಮಾನವಿಡೀ ಊರವರ ಬೈಗುಳ ಕೇಳಿ ನಿವೃತ್ತರಾದ ಮನುಷ್ಯ. ತಪ್ಪು ಹಿಡಿಯುವವರ ವಿಷಯದಲ್ಲಿ ಅವರ ಮಾತಿಗೆ ಎದುರಾಡುವವರಿರಲಿಲ್ಲ.

ಓದವ್ವ ಎಂದರೆ ಯಾವ ಹೆಂಗಸೂ ಅಲ್ಲ. ಕಣ್ಣು ಕಾಣದವರ ಫೋನಿನಲ್ಲಿ ಕೂತು ಕನ್ನಡದ ಬರಹವನ್ನು ಓದಿ ಹೇಳುವ ತಂತ್ರಾಂಶ. ಬಳ್ಳಾರಿಯ ಸತ್ಯನಾರಾಯಣಪೇಟೆಯಲ್ಲಿ, ಧೂಳು ಹಿಡಿದ ಟೈಪ್‌ರೈಟರುಗಳ ಹಿಂದಿನ ಕೋಣೆಯಲ್ಲಿ, ಮೂರು ಮಂದಿ ಅದನ್ನು ಸಂಬಳವಿಲ್ಲದೆ ಕಟ್ಟಿ ಬೆಳೆಸಿದ್ದರು. ಒಬ್ಬರು ಜಡೆಪ್ಪ. ಇನ್ನೊಬ್ಬಳು ಸರ್ಕಾರಿ ಕಾಲೇಜಿನಲ್ಲಿ ಕಂಪ್ಯೂಟರ್ ಪಾಠ ಮಾಡುವ ಹೇಮಾ. ಮೂರನೆಯವಳು ಅಪ್ಪನ ಕಾಲದ ಈ ಇನ್‌ಸ್ಟಿಟ್ಯೂಟನ್ನು ನಡೆಸಿಕೊಂಡು ಬಂದ ಸುಮಂಗಲಾ. ಓದವ್ವ ಮುಕ್ತ ತಂತ್ರಾಂಶ. ಅದರ ಹೊಟ್ಟೆಯೊಳಗಿರುವುದೆಲ್ಲ ಬಯಲಿಗೇ ಇದೆ. ಯಾರು ಬೇಕಾದರೂ ಬಿಚ್ಚಿ ನೋಡಬಹುದು, ತಿದ್ದಬಹುದು, ಮನೆಗೆ ಒಯ್ಯಬಹುದು. ಆದರೆ ದನಿ ಸುಮಂಗಲಾಳದು. ಎರಡು ಬೇಸಿಗೆ ಪೂರ್ತಿ, ಫ್ಯಾನು ಆರಿಸಿ, ಕಿಟಕಿಗೆ ಕಂಬಳಿ ಕಟ್ಟಿ, ಸಾವಿರಾರು ವಾಕ್ಯ ಓದಿ ಅವಳು ತನ್ನ ದನಿಯನ್ನು ದಾನ ಕೊಟ್ಟಿದ್ದಳು. ಬಳ್ಳಾರಿಯ ಬೇಸಿಗೆಯಲ್ಲಿ ಫ್ಯಾನು ಆರಿಸುವುದು ಎಂಥ ತಪಸ್ಸು ಎಂದು ಇಲ್ಲಿಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಅಂಥ ಒಂದು ಭಾನುವಾರ ಮಧ್ಯಾಹ್ನ ಎರ್ರಿ ಬಂದ. ಮೂವತ್ತರ ಆಸುಪಾಸು, ಮುಖದ ತುಂಬ ಬೆವರು, ಕೊರಳಲ್ಲಿ ಒಂದು ರಾಜಕೀಯ ಪಕ್ಷದ ಹೊಚ್ಚ ಹೊಸ ಶಲ್ಯ. ಯಾವ ಪಕ್ಷ ಎಂದು ಹೇಳಿದರೆ ಕಥೆ ಇಲ್ಲಿಗೇ ನಿಂತು ಜಗಳ ಶುರುವಾಗುತ್ತದೆ, ಹಾಗಾಗಿ ಹೇಳುವುದಿಲ್ಲ. ಅವನು ಆ ಶಲ್ಯದಿಂದಲೇ ಮುಖ ಒರೆಸಿಕೊಂಡು, ಚಪ್ಪಲಿ ಬಾಗಿಲಲ್ಲಿ ಬಿಟ್ಟು ಒಳಗೆ ಬಂದ.

"ನಾ ರಾರಾವಿಯಾಂವ್ರಿ. ಬಿಎಸ್ಸಿ ಕಂಪ್ಯೂಟರ್ ಮಾಡೀನಿ. ಸಿರುಗುಪ್ಪದಾಗ ರೈಸ್ ಮಿಲ್ಲಿನ್ಯಾಗ ಲಾರಿ ತೂಗೋ ವೇಬ್ರಿಡ್ಜ್ ನೋಡ್ಕೊಂತೀನಿ. ಇವತ್ತು ಸಭಾಕ್ಕಂತ ಮಿಲ್ಲಿನವ್ರು ಎಲ್ಲಾರ್ನೂ ಲಾರಿ ಹತ್ತಿಸಿದ್ರು. ಭಾಷಣ ಸುರು ಆಗೂದ್ರಾಗ ಹಿಂದಿನಿಂದ ಜಾರಿ ಇಲ್ಲಿಗೆ ಬಂದೆ" ಎಂದ.

ಜಡೆಪ್ಪ ಕನ್ನಡಕದ ಮೇಲಿನಿಂದ ನೋಡಿದರು. "ತಪ್ಪೇನರ ಹಿಡದೀರೇನು?"

"ಹಿಡದೀನ್ರಿ. ಈಕಿ ಉಸಿರು ತಗೊಳ್ಳಂಗಿಲ್ಲ."

ಹೇಮಾ ಕೆಲಸ ಬಿಟ್ಟು ಅವನತ್ತ ತಿರುಗಿದಳು. ಎರ್ರಿ ಗಾಬರಿಯಿಂದ ಮುಂದುವರಿಸಿದ. "ಸಿರುಗುಪ್ಪ ಬಸ್ಸಿನ್ಯಾಗ ಒಬ್ಬ ಯಜಮಾನ್ರು ಪೇಪರ್ ಓದಸ್ಕೊಂತ ಕುಂತಿದ್ರು. ಮಾತು ಚೊಲೊ ಐತ್ರಿ, ನಮ್ಮ ಮನ್ಯಾಗ ಮಾತಾಡಿದಂಗ ಐತಿ. ಆದ್ರ ಒಂದು ಸಲನೂ ಉಸಿರು ಎಳಕೊಳ್ಳಲಿಲ್ಲ. ಕೇಳಿ ಕೇಳಿ ನನಗಾ ಉಸಿರು ಕಟ್ಟಿದಂಗಾತು."

ಇಷ್ಟು ವರ್ಷದಲ್ಲಿ ಈ ತಪ್ಪನ್ನು ಯಾರೂ ಹಿಡಿದಿರಲಿಲ್ಲ. ಪದ್ಧತಿ ಪದ್ಧತಿಯೇ; ಹೇಮಾ ಎದ್ದು ಚಹಾ ಕೊಟ್ಟಳು. ಆದರೆ ಅವನ ಪಕ್ಕದ ಕುರ್ಚಿಯಲ್ಲಿ ಯಾರೂ ಕೂರಲಿಲ್ಲ. ಎಲ್ಲರ ಕಣ್ಣೂ ಶಲ್ಯದ ಮೇಲೆಯೇ ಇತ್ತು.

ಅದಕ್ಕೆ ಕಾರಣವಿತ್ತು. ಹಿಂದಿನ ಚುನಾವಣೆಯ ಹೊತ್ತಿಗೆ ಪಂಪಾಪತಿ ಎಂಬ ಇಂಜಿನಿಯರ್ ಹೀಗೆಯೇ ಹೊಸಬನಾಗಿ ಬಂದಿದ್ದ. ನಗುಮುಖ, ಚುರುಕು ಕೈ. ಕೆಲವೇ ತಿಂಗಳಲ್ಲಿ ಮನೆಮಗನಂತಾದ. ಓದವ್ವ ಇರುವ ಫೋನುಗಳಿಗೆಲ್ಲ ಪ್ರತಿ ಶನಿವಾರ ಇಲ್ಲಿಂದ ಒಂದು ಗಂಟು ಹೋಗುತ್ತದೆ: ಹೊಸ ಪದಗಳು, ತಿದ್ದುಪಡಿಗಳು, ಕೊನೆಗೆ ಸುಮಂಗಲಾ ತಾನೇ ಮೈಕಿನಲ್ಲಿ ಹೇಳಿದ ಒಂದೆರಡು ಕುಶಲದ ಮಾತು. ಆ ಗಂಟು ಕಳಿಸುವ ಕೀಲಿಯನ್ನು ನಂಬಿ ಪಂಪಾಪತಿಯ ಕೈಗೆ ಕೊಟ್ಟರು. ಮತದಾನದ ಹಿಂದಿನ ಶನಿವಾರ ಓದವ್ವ ಕುಶಲದ ಮಾತಿನ ಬದಲು, ಇಂಥವರಿಗೆ ಓಟು ಹಾಕಿ ಎಂದಳು. ಸುಮಂಗಲಾಳ ದನಿಯಲ್ಲಿ, ಸುಮಂಗಲಾ ಆಡದ ಮಾತು. ಕೀಲಿ ಕಸಿದುಕೊಳ್ಳುವಷ್ಟರಲ್ಲಿ ಆಗಬೇಕಾದ್ದು ಆಗಿಹೋಗಿತ್ತು.

ಕುರುಗೋಡಿನ ಚಿದಾನಂದಪ್ಪ ಮಾಸ್ತರು ಆ ಮಾತು ಕೇಳಿದವರಲ್ಲಿ ಒಬ್ಬರು. ಸಕ್ಕರೆ ಕಾಯಿಲೆಯಲ್ಲಿ ಕಣ್ಣು ಕಳೆದುಕೊಂಡ ನಿವೃತ್ತ ಹೆಡ್ಮಾಸ್ತರು, ಓದವ್ವನನ್ನು ಮೊಟ್ಟಮೊದಲು ಫೋನಿಗೆ ಹಾಕಿಸಿಕೊಂಡವರು. ಸುಮಂಗಲಾ ನಿಜ ಹೇಳಲು ಅವರ ಮನೆಗೆ ಹೋದಾಗ ಅವರು ಜಗಲಿಯಲ್ಲಿ ಕೂತಿದ್ದರು. "ನೀ ಹೇಳಿದಿ ಅಂತ ಒತ್ತಿ ಬಂದೆನವ್ವಾ" ಎಂದರು. "ನನ್ನ ಓಟು ಯಾರಿಗಂತ ಇಷ್ಟು ವರ್ಷ ನನ್ನ ಹೆಂಡ್ತಿಗೂ ಹೇಳಿದಾಂವಲ್ಲ ನಾ. ನೀ ಹೇಳಿದ ಮ್ಯಾಲ ಏನರ ಕಾರಣ ಇರ್ತೈತಿ ಅಂದುಕೊಂಡೆ." ಬೈದಿದ್ದರೆ ಎಷ್ಟೋ ವಾಸಿಯಿತ್ತು. ಅವರು ಬೈಯಲಿಲ್ಲ. ಅವತ್ತೇ ಓದವ್ವನನ್ನು ಫೋನಿನಿಂದ ತೆಗೆಸಿದರು. ಪೇಪರನ್ನು ಹೆಂಡತಿ ಶಿವಬಸಮ್ಮನೇ ತಡವರಿಸುತ್ತ ಓದಿ ಹೇಳತೊಡಗಿದರು.

ಹಾಲು ಕುಡಿದು ಬಾಯಿ ಸುಟ್ಟುಕೊಂಡವನು ಮಜ್ಜಿಗೆಯನ್ನೂ ಊದಿ ಕುಡಿದನಂತೆ. ಎರ್ರಿ ಬಂದುಹೋದ ಸಂಜೆಯೇ ಜಡೆಪ್ಪ ಮಜ್ಜಿಗೆ ಊದಲು ಕೂತರು. ಕಂಪನಿಗಳ ಆ್ಯಪು ಬೇಡವೆಂದು ಅವರು ಇನ್‌ಸ್ಟಿಟ್ಯೂಟಿನ ಹಳೆಯ ಕಂಪ್ಯೂಟರಿನಲ್ಲೇ ಗುಂಪಿನ ಹರಟೆಗೆ ಒಂದು ವ್ಯವಸ್ಥೆ ಮಾಡಿದ್ದರು. ಅದರಲ್ಲಿ 'ಒಳಮನಿ' ಎಂಬ ಹೊಸ ಕೋಣೆಯೊಂದನ್ನು ತೆರೆದರು. ಎರ್ರಿಗೆ ಗೊತ್ತಾಗದ ಹಾಗೆ ಎರ್ರಿಯ ಬಗ್ಗೆ ಮಾತಾಡಲು. ಮೂವರೇ ಅದರಲ್ಲಿ. ಮೊದಲ ದಿನವೇ ತೀರ್ಮಾನವಾಯಿತು: ಎರ್ರಿ ಏನೇ ಬರೆದು ಕಳಿಸಲಿ, ಒಂದೊಂದು ಸಾಲನ್ನೂ ಮೂವರೂ ಬೇರೆ ಬೇರೆಯಾಗಿ ನೋಡಬೇಕು, ಕೀಲಿಯ ಹತ್ತಿರ ಅವನನ್ನು ಬಿಡಬಾರದು.

ಎರ್ರಿಗೆ ಕೀಲಿಯ ಯೋಚನೆ ಇದ್ದಂತೆ ಕಾಣಲಿಲ್ಲ. ಅವನ ತಲೆಯಲ್ಲಿ ಉಸಿರೊಂದೇ. ಪ್ರತಿ ಭಾನುವಾರ ರಾರಾವಿಯಿಂದ ಎರಡು ಬಸ್ಸು ಬದಲಿಸಿ, ತಾಯಿ ಸರೋಜಮ್ಮ ಕಟ್ಟಿಕೊಟ್ಟ ಜೋಳದ ರೊಟ್ಟಿ, ಶೇಂಗಾ ಚಟ್ನಿಯ ಗಂಟು ಹಿಡಿದು ಬರುತ್ತಿದ್ದ. ಕೆಲಸವೇನೂ ಅಮೋಘವಾಗಿರಲಿಲ್ಲ. ಅವನ ಮೊದಲ ಪ್ರಯತ್ನದಲ್ಲಿ ಓದವ್ವ ಎಮ್ಮೆಯ ಹಾಗೆ ಬುಸ್ ಎಂದಳು. ಎರಡನೆಯದರಲ್ಲಿ ಪ್ರತಿ ಪದಕ್ಕೂ ಏದುಸಿರು ಬಿಟ್ಟು, ಜೋಳದ ಧಾರಣೆ ಓದುವಾಗ ಗುಡ್ಡ ಹತ್ತಿ ಬಂದವಳಂತೆ ಒದ್ದಾಡಿದಳು. ಹೇಮಾ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕಳು. ಆದರೂ ಮೂವರೂ ಪ್ರತಿ ಸಾಲನ್ನು ಜಾಲಾಡಿ, ಇಲ್ಲಿ ಯಾಕೆ ಹೀಗೆ, ಅಲ್ಲಿ ಯಾಕೆ ಹಾಗೆ ಎಂದು ಬರೆದು ವಾಪಸು ಕಳಿಸುತ್ತಿದ್ದರು. ಅವನು ತಿದ್ದಿ ಮತ್ತೆ ಕಳಿಸುತ್ತಿದ್ದ.

"ಎರ್ರಿಸ್ವಾಮಿಯವರೇ, ದಯವಿಟ್ಟು ನಿಮ್ಮ ಮೂರನೇ ಭಾಗ ಮತ್ತೊಮ್ಮೆ ನೋಡ್ರಿ" ಎಂದು ಜಡೆಪ್ಪ ಬರೆಯುವರು. ಅವರ ಬಾಯಲ್ಲಿ 'ರೀ' ಬಂತೆಂದರೆ ಹುಷಾರಾಗಿರಬೇಕು ಎಂದು ಬಲ್ಲವರು ಬಲ್ಲರು. ಬೇಕಾದವರನ್ನೆಲ್ಲ ಅವರು ಕರೆಯುವುದು 'ಲೇ' ಎಂದೇ. ಮಗನಿಗೂ ಲೇ, ಬೀಗರಿಗೂ ಲೇ. ಎರ್ರಿಗೆ ಮಾತ್ರ ತಿಂಗಳುಗಟ್ಟಲೆ 'ರೀ' ತಪ್ಪಲಿಲ್ಲ.

ಒಮ್ಮೆ ಅವರು ಗುಟ್ಟಾಗಿ ವಿಚಾರಿಸಿ ಬರುತ್ತೇನೆಂದು ಸಿರುಗುಪ್ಪಕ್ಕೇ ಹೋದರು. ಮಿಲ್ಲಿನ ಗೇಟಿನಲ್ಲಿ ಹಮಾಲಿಯೊಬ್ಬ "ಎವರು ಕಾವಾಲಿ ತಾತಾ?" ಎಂದು ತೆಲುಗಿನಲ್ಲಿ ಕೇಳಿದ್ದೇ ತಡ, ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಹಾಗೆ, "ಯಾರೂ ಬ್ಯಾಡಪ್ಪಾ, ಅಕ್ಕಿ ಬೇಕು ಅಕ್ಕಿ" ಎಂದುಬಿಟ್ಟರು. ಅಷ್ಟರಲ್ಲಿ ಎರ್ರಿಯೇ ಹೊರಗೆ ಬಂದು, ಸಂತೋಷದಿಂದ ಚಹಾ ಕುಡಿಸಿ, ಒಳ್ಳೆಯ ಸೋನಾ ಮಸೂರಿ ಮೂಟೆಯೊಂದನ್ನು ಆರಿಸಿ, ತಾನೇ ಹೊತ್ತು ಬಸ್ಸಿನ ಮೇಲೆ ಹಾಕಿದ. ಜಡೆಪ್ಪನವರ ಮನೆಯಲ್ಲಿ ಆಗಲೇ ಅಕ್ಕಿ ಇಡಲು ಜಾಗವಿರಲಿಲ್ಲ. "ಏನೂ ತಿಳೀಲಿಲ್ಲ. ಮಿಲ್ಲಿನ ಮಾಲೀಕನ ತಮ್ಮ ಆ ಪಕ್ಷದಾಗ ಅದಾನಂತ. ಅಕ್ಕಿ ಮಾತ್ರ ಛಲೋ ಐತಿ" ಎಂದು ಒಳಮನಿಯಲ್ಲಿ ಬರೆದರು.

ಸುಮಂಗಲಾಳಿಗೆ ಎರ್ರಿಯನ್ನು ಕಂಡರೆ ಒಳಗೊಳಗೇ ಅಕ್ಕರೆ ಹುಟ್ಟತೊಡಗಿತ್ತು. ಅದೇ ಅವಳ ಹೆದರಿಕೆ ಕೂಡ. ಪಂಪಾಪತಿಯ ಮೇಲೂ ಅಕ್ಕರೆ ಇತ್ತಲ್ಲ. ಒಂದು ಭಾನುವಾರ ಎರ್ರಿ ಮೈಕು ಮುಂದಿಟ್ಟು, "ಅಕ್ಕಾ, ಏನರ ಒಂದು ಓದ್ರಿ. ನನಗ ಮಾತು ಬ್ಯಾಡ, ಮಾತಿನ ನಡುವಿಂದು ಬೇಕು" ಎಂದ. ಅವಳು ಪೇಪರು ಓದಿದಳು. ಅವನು ಕಣ್ಣು ಮುಚ್ಚಿ, ಅವಳು ಎಲ್ಲಿ ತಡೆದಳು, ಎಲ್ಲಿ ಉಸಿರು ಎಳೆದಳು ಎಂಬುದನ್ನೇ ಕೇಳಿದ. ಸಾವಿನ ಸುದ್ದಿಗೆ ಮೊದಲು ಉಸಿರು ಸ್ವಲ್ಪ ಉದ್ದವಾಗುತ್ತದೆ, ಮಕ್ಕಳ ಸುದ್ದಿಗೆ ಮೊದಲು ಗಿಡ್ಡವಾಗುತ್ತದೆ ಎಂದು ಅವನೇ ಅವಳಿಗೆ ತೋರಿಸಿಕೊಟ್ಟ. ದನಿ ಚೆನ್ನಾಗಿದೆ ಎಂದು ಹೇಳಿದವರು ಬೇಕಾದಷ್ಟು ಮಂದಿ. ಉಸಿರನ್ನು ಕೇಳಿದವರು ಯಾರೂ ಇರಲಿಲ್ಲ. ಅವಳಿಗೆ ಖುಷಿಯಾಯಿತು, ಆ ಖುಷಿಯ ಬೆನ್ನಿಗೇ ಭಯವೂ ಆಯಿತು. ಪಂಪಾಪತಿ ದನಿಯೊಂದನ್ನೇ ಕದ್ದಿದ್ದ, ಇವನು ಉಸಿರನ್ನೂ ಒಯ್ಯುತ್ತಿದ್ದಾನೆ. ಮೋಸ ಮಾಡಿದರೆ ಈ ಸಲ ಯಾರಿಗೂ ಗುರುತು ಸಿಕ್ಕುವುದಿಲ್ಲ.

ಅವತ್ತು ಸಂಜೆ ಒಳಮನಿಯಲ್ಲಿ ಅವಳು ಬರೆದಳು: "ನನ್ನ ದನಿ ಇವನ ಕೈಯಾಗ ಕೊಡೂಕಿಂತ ನಾ ಮೂಕಿ ಆಗೂದು ಛಲೋ."

ಮುಂದಿನ ಭಾನುವಾರ ಎರ್ರಿ ಬರಲಿಲ್ಲ. ಜ್ವರ ಎಂದು ಹೇಳಿ ಕಳಿಸಿದ. ಅದರ ಮುಂದಿನ ಭಾನುವಾರ ರೊಟ್ಟಿಯ ಗಂಟಿನೊಂದಿಗೆ ಯಥಾಪ್ರಕಾರ ಬಂದ.

ಉಸಿರಾಡುವ ಓದವ್ವ ಸಿದ್ಧವಾದ ಮೇಲೆ ಸುಮಂಗಲಾ ಅದನ್ನು ತೆಗೆದುಕೊಂಡು ಕುರುಗೋಡಿಗೆ ಹೋದಳು. ಚಿದಾನಂದಪ್ಪ ಮಾಸ್ತರು ಒಂದು ಪುಟ ಕೇಳಿದರು. ಮುಖದಲ್ಲಿ ಏನೂ ಕಾಣಲಿಲ್ಲ. "ಫೋನಿನ್ಯಾಗ ಇಟ್ಟು ಹೋಗು" ಎಂದಷ್ಟೇ ಹೇಳಿ ಒಳಗೆ ಹೋದರು. ಶಿವಬಸಮ್ಮ ಅವಳನ್ನು ಬಾಗಿಲವರೆಗೆ ಕಳಿಸಲು ಬಂದು, "ಪೇಪರ್ ಓದಿ ಓದಿ ನನ್ನ ಗಂಟಲಾ ಹೋಗಿತ್ತವ್ವಾ" ಎಂದು ನಕ್ಕರು.

ಆದರೆ ಗಂಟಲು ಹೋಗುವುದಿದ್ದದ್ದು ಸುಮಂಗಲಾಳದು. ಕುತ್ತಿಗೆಯಲ್ಲಿ ಬೆಳೆಯುತ್ತಿದ್ದ ಗಡ್ಡೆಯನ್ನು ಡಾಕ್ಟರು ನೋಡಿ, ಆಪರೇಷನ್ ಆಗಲೇಬೇಕು ಎಂದರು. ಜೀವಕ್ಕೆ ತೊಂದರೆಯಿಲ್ಲ, ದನಿಯ ನರ ಪಕ್ಕದಲ್ಲೇ ಇದೆ, ಒಂದು ತಿಂಗಳು ಮಾತೇ ಆಡಬಾರದು, ಆಮೇಲೂ ಮೊದಲಿನ ದನಿ ಬಂದರೆ ಪುಣ್ಯ ಎಂದರು. ಅವಳಿಗೆ ತಾನು ಒಳಮನಿಯಲ್ಲಿ ಬರೆದ ಸಾಲು ನೆನಪಾಯಿತು.

ಅದೇ ಹೊತ್ತಿಗೆ ಪಂಚಾಯಿತಿ ಚುನಾವಣೆ ಬಂತು. ಗಂಟು ಕಳಿಸುವ ಕೀಲಿ ಈಗ ಯಾರ ಕೈಗೆ? ಜಡೆಪ್ಪನವರ ಕಣ್ಣಿಗೆ ಪೊರೆ ಬಂದು ಪರದೆ ನೋಡುವುದೇ ಕಷ್ಟವಾಗಿತ್ತು. ಹೇಮಾಳಿಗೆ ಚುನಾವಣಾ ಡ್ಯೂಟಿ. ಉಳಿದವನು ಎರ್ರಿ. ಕಳಿಸದೇ ಇದ್ದರೆ ಒಂದು ತಿಂಗಳು ಓದವ್ವ ಹಳೆಯ ತಪ್ಪುಗಳಲ್ಲೇ ನಿಲ್ಲುತ್ತಾಳೆ, ಏನೂ ಮುಳುಗುವುದಿಲ್ಲ ಎಂದು ಜಡೆಪ್ಪ ಹೇಳಿದರು. ಸುಮಂಗಲಾ ಎರಡು ದಿನ ಯೋಚಿಸಿದಳು. ತನ್ನ ಬಾಯಿ ಮುಚ್ಚಿರುವ ತಿಂಗಳಲ್ಲಿ ತನ್ನ ದನಿ ಇನ್ನೊಬ್ಬರ ಕೈಯಲ್ಲಿ ಇರುವುದೆಂದರೆ, ಅವನು ಏನು ಹೇಳಿಸಿದರೂ ಅಲ್ಲವೆನ್ನಲು ಅವಳಿಗೆ ಬಾಯಿಯೇ ಇರುವುದಿಲ್ಲ. ಆದರೂ, "ಎರ್ರಿಗೇ ಕೊಡೋಣ" ಎಂದಳು.

ಹಾಗಾದರೆ ಒಳಮನಿಯನ್ನು ಮೊದಲು ಅಳಿಸಿಬಿಡೋಣ ಎಂದು ಹೇಮಾ ಕಂಪ್ಯೂಟರಿನ ಮುಂದೆ ಕೂತಳು. ಸ್ವಲ್ಪ ಹೊತ್ತಿಗೆ ಕುರ್ಚಿ ತಿರುಗಿಸಿದಳು.

"ಜಡೆಪ್ಪಾರ, ಈ ಕೋಣಿ ಮಾಡುವಾಗ ಬಾಗಿಲು ಹಾಕಿದ್ದಿಲ್ಲೇನ್ರಿ ನೀವು?"

ಹಾಕಿರಲಿಲ್ಲ. ಇಪ್ಪತ್ತು ವರ್ಷದಿಂದ ಜಡೆಪ್ಪ ಮಾಡಿದ ಪ್ರತಿ ಕೋಣೆಯೂ ಎಲ್ಲರೂ ಓದಬಹುದಾದ ಕೋಣೆ. ಮುಚ್ಚುಮರೆ ಇರಬಾರದು ಎಂದು ಊರೂರಿಗೆ ಹೋಗಿ ಭಾಷಣ ಮಾಡಿದವರು. ಕೈಗೆ ಅದೇ ಅಭ್ಯಾಸ. ಗುಟ್ಟಿಗೆಂದು ಮಾಡಿದ ಕೋಣೆಯ ಬಾಗಿಲನ್ನೂ ಹಾರುಹೊಡೆದೇ ಇಟ್ಟಿದ್ದರು. ಪ್ರತಿ ಮಾತಿನ ಕೆಳಗಿನ ಸಣ್ಣ ಗುರುತನ್ನು ಒತ್ತಿದರೆ ಓದಿದವರ ಹೆಸರು ಬರುತ್ತದೆ. ಮೂವರಲ್ಲಿ ಯಾರೂ ಅದನ್ನು ಒತ್ತಿ ನೋಡಿರಲಿಲ್ಲ. ಅಲ್ಲಿ ನಾಲ್ಕನೆಯ ಹೆಸರು ಇತ್ತು. ಮೊದಲ ವಾರದಿಂದಲೂ ಇತ್ತು. ಸುಮಂಗಲಾಳ ಮೂಕಿಯ ಮಾತಿನ ಕೆಳಗೂ ಇತ್ತು.

ಜಡೆಪ್ಪ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಜೀವನದಾಗ ಒಂದಾ ಒಂದು ಕಳ್ಳ ಕೆಲಸ ಮಾಡಾಕ ಹೋದೆ, ಅದೂ ಬರಲಿಲ್ಲ ನನಗ" ಎಂದರು.

ಮರುದಿನ ಬೆಳಿಗ್ಗೆ ಸುಮಂಗಲಾ ಸಿರುಗುಪ್ಪದ ಬಸ್ಸು ಹತ್ತಿದಳು. ದಾರಿಯುದ್ದಕ್ಕೂ ಭತ್ತದ ಗದ್ದೆಗಳು, ಅವಳ ಕಣ್ಣಿಗೆ ಒಂದೂ ಬೀಳಲಿಲ್ಲ. ವೇಬ್ರಿಡ್ಜಿನ ಸಣ್ಣ ಕೋಣೆಯಲ್ಲಿ ಎರ್ರಿ ಭತ್ತದ ಲಾರಿಯೊಂದನ್ನು ತೂಗಿ ಕಳಿಸಿ, ಅವಳನ್ನು ನೋಡಿ ಎದ್ದು ನಿಂತ. ಇದ್ದ ಒಂದೇ ಕುರ್ಚಿಯನ್ನು ಒರೆಸಿ ಅವಳಿಗೆ ಕೊಟ್ಟ.

"ಎರ್ರಿ, ನೀ ಒಳಮನಿ ಓದಿದ್ಯಾ?"

ಅವನು ತಲೆ ತಗ್ಗಿಸಿದ. "ಓದೀನ್ರಿ ಅಕ್ಕಾ. ಬಾಗಿಲು ತೆರದಾ ಇತ್ತು. ನಾ ಮೊದಲು, ಇದೂ ನಿಮ್ಮ ಪದ್ಧತಿ ಇರಬೇಕಂತ ತಿಳಕೊಂಡೆ. ಹೊಸಬರ ಬಗ್ಗೆ ಏನ್ ಮಾತಾಡ್ತೀವಿ ಅನ್ನೂದನ್ನೂ ಹೊಸಬರಿಗೆ ಕಾಣಂಗ ಇಡ್ತಾರಲ್ಲ, ಎಂಥಾ ಮಂದಿ ಇವ್ರು ಅಂತ ಭಾಳ ದೊಡ್ಡದನಿಸ್ತು. ಆಮ್ಯಾಲ ತಿಳೀತು, ಬಾಗಿಲು ಹಾಕೂದು ಮರತಾರ ಅಂತ. ಅಷ್ಟೊತ್ತಿಗೆ ಹೇಳಾಕ ನಾಚಿಕಿ ಬಂತು."

"ನಿನಗ್ಯಾಕ ನಾಚಿಕಿ?"

"ನಿಮಗ ನಾಚಿಕಿ ಆಗ್ತೈತಲ್ರಿ, ಅದಕ್ಕ."

ಸುಮಂಗಲಾಳಿಗೆ ಅಳು ಬಂತು. ತಡೆಯಲಿಲ್ಲ, ಸೆರಗಿನಿಂದ ಮುಖ ಒರೆಸಿಕೊಂಡಳು. "ನಾ ಬರದಿದ್ದೂ ಓದಿದಿ. ಓದಿದ ಮ್ಯಾಲೂ ಬಂದಿ."

"ಒಂದು ವಾರ ಬರಲಿಲ್ಲ ನೋಡ್ರಿ. ಜ್ವರ ಅಂತ ಹೇಳಿದ್ದೆ. ಜ್ವರ ಇದ್ದಿಲ್ಲ." ಎರ್ರಿ ತೂಕದ ಪರದೆಯ ಕಡೆ ನೋಡುತ್ತ ಹೇಳಿದ. "ಮನ್ಯಾಗ ಕುಂತು ವಿಚಾರ ಮಾಡಿದೆ. ಸಾಲ್ಯಾಗ, ಕಾಲೇಜ್ನ್ಯಾಗ, ಇಲ್ಲಿ ಮಿಲ್ಲಿನ್ಯಾಗ, ನಾ ಮಾಡಿದ ಕೆಲಸಾನ ಯಾರೂ ಕಣ್ಣೆತ್ತಿ ನೋಡಿಲ್ರಿ. ಸರಿ ಇದ್ರೂ ಕೇಳಾವ್ರಿಲ್ಲ, ತಪ್ಪಿದ್ರೂ ಕೇಳಾವ್ರಿಲ್ಲ. ನೀವು ಮೂರು ಮಂದಿ ಒಂದೊಂದು ಸಾಲೂ ನೋಡಿದ್ರಿ. ಇದು ಯಾಕ ಹಿಂಗ ಬರದಿ ಅಂತ ಕೇಳಿದ್ರಿ. ಅನುಮಾನಕ್ಕ ನೋಡಿದ್ರೋ, ಪ್ರೀತಿಗೆ ನೋಡಿದ್ರೋ, ನೋಡಿದ್ರಲ್ರಿ. ನಾ ಕಲತಿದ್ದೆಲ್ಲಾ ಅದರಾಗಾ ಕಲತೀನಿ. ಅದನ್ನ ಬಿಟ್ಟು ಎಲ್ಲಿ ಹೋಗ್ಲಿ?"

ಹೊರಗೆ ಇನ್ನೊಂದು ಲಾರಿ ಬಂದು ಹಾರ್ನ್ ಹೊಡೆಯಿತು. ಅವನು ಅದನ್ನು ತೂಗಿ, ಚೀಟಿ ಕೊಟ್ಟು ಬಂದ. ಸುಮಂಗಲಾಳಿಗೆ ಸಮಾಧಾನ ಮಾಡಿಕೊಳ್ಳಲು ಅಷ್ಟು ಹೊತ್ತು ಸಿಕ್ಕಿತು.

"ಆ ಶಲ್ಯ ಎಲ್ಲೈತಿ ಈಗ?" ಎಂದು ಕೇಳಿದಳು.

ಎರ್ರಿ ಮೊದಲ ಸಲ ನಕ್ಕ. "ನೀವು ವಾರಾ ವಾರಾ ರೊಟ್ಟಿ ಬಿಚ್ಚಿ ತಿಂದ ಬಟ್ಟಿ ಅದಾ ಅಲ್ರೇನು. ಅರಿವಿ ಚೊಲೊ ಐತಂತ ನಮ್ಮವ್ವ ಒಗದು ಒಗದು ಬಣ್ಣ ತಗದಾಳ." ಆಮೇಲೆ ಸ್ವಲ್ಪ ತಡೆದು ಕೇಳಿದ: "ನಾ ಯಾವ ಪಕ್ಷದಾಂವ ಅಂತ ಕೇಳಂಗಿಲ್ರೇನು?"

"ಕೇಳಂಗಿಲ್ಲ" ಎಂದಳು ಸುಮಂಗಲಾ. ಬ್ಯಾಗಿನಿಂದ ಕೀಲಿಯ ಪೆನ್‌ಡ್ರೈವ್ ತೆಗೆದು ಅವನ ಅಂಗೈಯಲ್ಲಿಟ್ಟು, ಬೆರಳುಗಳನ್ನು ತಾನೇ ಮಡಿಸಿದಳು. ಅವನು ಯಾವ ಪಕ್ಷದವನೋ ಅವಳಿಗೆ ಇವತ್ತಿಗೂ ಗೊತ್ತಿಲ್ಲ.

ಎರ್ರಿ ಮುಷ್ಟಿ ನೋಡಿಕೊಂಡ. "ಒಂದು ಮಾತು ಅಕ್ಕಾ. ಮೂರು ಮಂದಿ ನೋಡೂದು ನಿಲ್ಲಿಸಬ್ಯಾಡ್ರಿ. ನೋಡದಾ ನಾ ಗಂಟು ಕಳಸಂಗಿಲ್ಲ."

ಆಪರೇಷನ್ ಆಯಿತು. ಸುಮಂಗಲಾ ಕುತ್ತಿಗೆಗೆ ಪಟ್ಟಿ ಕಟ್ಟಿಸಿಕೊಂಡು ಮನೆಗೆ ಬಂದಳು. ಬಳ್ಳಾರಿಯಲ್ಲಿ ಅವಳಷ್ಟು ಬೇಗ ಟೈಪ್ ಮಾಡುವವರಿಲ್ಲ. ಹಾಗಾಗಿ ಮಾತಿಗೇನೂ ಬರವಾಗಲಿಲ್ಲ. ಫೋನಿನಲ್ಲಿ ಬರೆದಳೆಂದರೆ ಓದವ್ವ ಓದುತ್ತಿದ್ದಳು. ಯಾರಿಗೋ ಎಂದು ದಾನ ಕೊಟ್ಟ ದನಿಯನ್ನು ಈಗ ಅವಳೇ ಇಸಿದುಕೊಂಡು ಹಾಲಿನವನ ಹತ್ತಿರ, ಪಕ್ಕದ ಮನೆಯವರ ಹತ್ತಿರ ಮಾತಾಡಿದಳು. ಶನಿವಾರದ ಗಂಟುಗಳು ಹೊತ್ತಿಗೆ ಸರಿಯಾಗಿ ಹೋದವು. ಜಡೆಪ್ಪ ಭೂತಕನ್ನಡಿ ಹಿಡಿದು, ಹೇಮಾ ಡ್ಯೂಟಿಯ ಬಿಡುವಿನಲ್ಲಿ, ಸುಮಂಗಲಾ ಹಾಸಿಗೆಯಲ್ಲಿ ಒರಗಿ, ಮೂವರೂ ನೋಡಿದ ಮೇಲೆಯೇ ಹೋದವು.

ಮತದಾನಕ್ಕೆ ಮೊದಲಿನ ಭಾನುವಾರ ಚಿದಾನಂದಪ್ಪ ಮಾಸ್ತರು ಶಿವಬಸಮ್ಮನ ಕೈ ಹಿಡಿದು ಕುರುಗೋಡಿನಿಂದ ನೋಡಲು ಬಂದರು. ಜಡೆಪ್ಪ ಅಲ್ಲೇ ಕೂತು ರೊಟ್ಟಿ ತಿನ್ನುತ್ತಿದ್ದರು. ಎರ್ರಿ ಮೂಲೆಯಲ್ಲಿ ಲ್ಯಾಪ್‌ಟಾಪ್ ಹಿಡಿದು ಕೂತಿದ್ದ.

"ಹೆಂಗದಿ ಯವ್ವಾ?" ಎಂದರು ಮಾಸ್ತರು.

ಸುಮಂಗಲಾ ಮೇಜಿನ ಮೇಲಿನ ಫೋನಿಗೆ ಕೈ ಚಾಚಿ ಬರೆದಳು. "ಆರಾಮ ಅದೀನ್ರಿ ಮಾಸ್ತರ. ಬರ್ರಿ, ಕುಂದರ್ರಿ" ಎಂದಿತು ಫೋನು. ಮಾಸ್ತರ ಮುಖ ದನಿ ಬಂದ ಕಡೆ, ಮೇಜಿನ ಕಡೆ ತಿರುಗಿತು. ಅವಳು ಇತ್ತ ಹಾಸಿಗೆಯಲ್ಲಿದ್ದಾಳೆ, ಅವರು ಅತ್ತ ಮೇಜಿನೊಂದಿಗೆ ಮಾತಾಡುತ್ತಿದ್ದಾರೆ. ತಾನು ಈ ಕೋಣೆಯಲ್ಲಿ ಇಲ್ಲವೇ ಇಲ್ಲ ಎಂದು ಅವಳಿಗೆ ಒಂದು ಕ್ಷಣ ಅನ್ನಿಸಿ ಸಂಕಟವಾಯಿತು. ಎರ್ರಿ ಅದನ್ನು ನೋಡಿದ. ಎದ್ದು ಬಂದು, ಫೋನನ್ನು ಮೇಜಿನಿಂದ ತೆಗೆದು ಅವಳ ಎದೆಯ ಹತ್ತಿರ ದಿಂಬಿನ ಮೇಲಿಟ್ಟು ಹೋಗಿ ಕೂತ. ಅವಳು ಮತ್ತೆ ಬರೆದಾಗ ಮಾಸ್ತರ ಮುಖ ಅವಳ ಕಡೆ ತಿರುಗಿತು.

ಊರಿನ ಮಾತು, ಮೊಮ್ಮಕ್ಕಳ ಮಾತು ಎಲ್ಲ ಆಯಿತು. ಮಾಸ್ತರು ಕೋಲನ್ನು ಎರಡು ಮೊಣಕಾಲುಗಳ ನಡುವೆ ನಿಲ್ಲಿಸಿಕೊಂಡು, "ಓಟು ಬಂತಲ್ಲವ್ವಾ. ಹೋದ ಸಲ ನೀ ಹೇಳಿದ್ದಿ. ಈ ಸಲ ಯಾರಿಗೆ ಹಾಕ್ಲಿ?" ಎಂದರು.

ಜಡೆಪ್ಪನವರ ಕೈಯ ತುತ್ತು ಅಲ್ಲೇ ನಿಂತಿತು. ಎರ್ರಿ ನೆಲ ನೋಡಿದ. ಮಾಸ್ತರು ನಗುತ್ತಿದ್ದಾರೋ ಇಲ್ಲವೋ ಅವರ ಮುಖದಲ್ಲಿ ತಿಳಿಯಲಿಲ್ಲ. ಬಳ್ಳಾರಿಯಲ್ಲೇ ವೇಗದ ಬೆರಳುಗಳು ಒಂದೆರಡು ಅಕ್ಷರ ಒತ್ತಿ, ಮತ್ತೆ ಅಳಿಸಿದವು. ಆಮೇಲೆ ಸುಮಂಗಲಾ ನಿಧಾನವಾಗಿ ಬರೆದಳು.

ಓದವ್ವ ಮೊದಲು ಉಸಿರು ತೆಗೆದುಕೊಂಡಳು. ಕೋಣೆಯಲ್ಲಿದ್ದವರಿಗೆಲ್ಲ ಅದು ಕೇಳಿಸಿತು.

"ನಿಮ್ಮ ಮನಸಿಗೆ ಬಂದವ್ರಿಗೆ ಹಾಕ್ರಿ ಮಾಸ್ತರ. ನನಗೂ ಹೇಳಬ್ಯಾಡ್ರಿ."

ಮಾಸ್ತರು ಕೋಲನ್ನು ಪಕ್ಕಕ್ಕಿಟ್ಟರು. ಕೈಯಿಂದ ತಡಕಾಡಿ ಅವಳ ಕೈ ಹುಡುಕಿ ಹಿಡಿದುಕೊಂಡರು.

"ಉಸಿರು ತಗೊಂಡು ಹೇಳಿದಿ ನೋಡು. ಹೋದ ಸಲ ಹೇಳಿದಾಕಿ ಉಸಿರು ತಗೊಂಡಿದ್ದಿಲ್ಲ. ಅದು ನೀ ಅಲ್ಲ ಅಂತ ನನಗ ಆಗಾ ತಿಳೀಬೇಕಿತ್ತವ್ವಾ."

ಸುಮಂಗಲಾಳ ಕಣ್ಣಿನಿಂದ ನೀರು ಹರಿದು ಕುತ್ತಿಗೆಯ ಪಟ್ಟಿ ತೋಯಿತು. ಒಂದು ಕೈ ಮಾಸ್ತರ ಹತ್ತಿರವೇ ಇದ್ದುದರಿಂದ ಏನೂ ಬರೆಯಲಾಗಲಿಲ್ಲ. ಶಿವಬಸಮ್ಮ ಸೆರಗಿನಿಂದ ಅವಳ ಗಲ್ಲ ಒರೆಸಿದರು. ಮೂಲೆಯಲ್ಲಿ ಎರ್ರಿ ಲ್ಯಾಪ್‌ಟಾಪಿನ ಹಿಂದೆ ಮುಖ ಮರೆಸಿಕೊಂಡು ಏನೋ ಒತ್ತುತ್ತಿದ್ದ.

 ಜಡೆಪ್ಪ ತಮ್ಮ ಮುಂದಿದ್ದ ಬಣ್ಣ ಹೋದ ಬಟ್ಟೆಯ ರೊಟ್ಟಿ ಗಂಟನ್ನು ಮುಂದಕ್ಕೆ ತಳ್ಳಿದರು.

"ಲೇ ಎರ್ರಿ, ಏನ್ ಕುಟಗೊಂತ ಕುಂತೀಲೇ ಅಲ್ಲಿ? ಮಾಸ್ತರು ಬಂದು ಎಷ್ಟೊತ್ತಾತು, ಒಂದು ರೊಟ್ಟಿ ಕೊಡಬಾರದಾ?"

ಎರ್ರಿ ತಲೆ ಎತ್ತಿ ಅವರನ್ನೇ ನೋಡಿದ. ಕಣ್ಣು ಒರೆಸಿಕೊಂಡು, "ಕೊಡ್ತೀನ್ರಿ" ಎಂದು ಎದ್ದ.